ಕಟ್ಟದೊಳಗಿನ ಭೂತ

೨೮ ಮಾರ್ಚ್ ೧೯೮೩, ಸೋಮವಾರ

ಮಿಂದರೂ ಮೈಯಿಂದ ಕೆಸರಿನ ವಾಸನೆ ಹೋಗಿಲ್ಲ. ಈ ವರ್ಷ ಹೊಳೆ ಸೊರಗಿ, ಸಮುದ್ರದ ಉಪ್ಪುನೀರು ಬಂಟ್ವಾಳದ ಕೆಳಗಿನ ನಮ್ಮ ಜೌಗಿನವರೆಗೂ ಏರಿದೆ. ಏಡಿ ಕೊರೆದ ತೂತಿನಿಂದ ಅದು ಮಣ್ಣಿನ ಒಡ್ಡು ಹಾಕಿದ ಕಟ್ಟದೊಳಗೆ ಬರುವುದನ್ನು ಮಧ್ಯಾಹ್ನ ಕಂಡೆ. ಸಂಜೆಯ ಉಬ್ಬರಕ್ಕೆ ಮೊದಲು ಮುಚ್ಚದಿದ್ದರೆ ಒಳಗಿನ ಸಿಹಿನೀರಿನ ಮೀನೆಲ್ಲ ಸಾಯುತ್ತಿತ್ತು.

ಹೊರಬದಿ ಆಳ. ಒಳಗಿಳಿದೇ ಮುಚ್ಚಬೇಕು. ಕೆಲಸಕ್ಕೆ ಕರೆದಿದ್ದ ಮಾಯಿಲಪ್ಪ ಮಣ್ಣಿನ ಬುಟ್ಟಿ ಹಿಡಿದು ದಂಡೆಯಲ್ಲೇ ನಿಂತ.

"ಇಳಿ ಮಾರಾಯ."

"ಇಳಿದವನನ್ನು ಭೂತ ಬಿಡುದಿಲ್ಲ ಅಂತ ನೀವೇ ಹೇಳಿದ್ದಲ್ವಾ ಮಾಷ್ಟ್ರೇ?"

ಹೇಳಿದ್ದು ಹೌದು. ನೀರಲ್ಲಿ ಸಿಡಿಮದ್ದಿನ ತೋಟೆ ಸಿಡಿಸಿ ಮೀನು ಹಿಡಿಯುವವರನ್ನು ತಡೆಯಲು, ಜೌಗಿನ ಕಾವಲು ನನ್ನ ಪಾಲಿಗೆ ಬಂದ ವರ್ಷ ನಾನೇ ಕಟ್ಟಿದ ಕಥೆ. ಆಮೇಲೆ ಒಂದು ತೋಟೆಯೂ ಸಿಡಿದಿಲ್ಲ. ಸುಳ್ಳೆಂದು ಇವನಲ್ಲಿ ಒಪ್ಪಿಕೊಂಡರೆ ನಾಳೆಯೇ ಊರಿಗೆಲ್ಲ ಗೊತ್ತಾಗುತ್ತದೆ.

"ಕಾವಲಿನವನಿಗೆ ಅಪ್ಪಣೆ ಉಂಟು. ನಾನು ಇಳಿಯುತ್ತೇನೆ, ನೀನು ಮಣ್ಣು ಕೊಡು."

"ಅಪ್ಪಣೆ ಯಾವಾಗ ಸಿಕ್ಕಿತು?"

"ಈಗಷ್ಟೇ."

ಅವನು ನಕ್ಕ, ಆದರೆ ನಂಬಿದ. ಎದೆಮಟ್ಟದ ನೀರಲ್ಲಿ ನಿಂತು ಹದಿನೆಂಟು ಬುಟ್ಟಿ ಮಣ್ಣು ತುಂಬಿದೆ. ಉಬ್ಬರ ಬಂತು, ಕಟ್ಟ ನಿಂತಿತು.

ಮೇಲೆ ಹತ್ತುವಾಗ ಕಾಲಿಗೆ ಏನೋ ತಣ್ಣಗೆ ತಾಗಿ ಸರಿಯಿತು. ಮೀನೇ ಇರಬೇಕು. ಆದರೂ ನನ್ನ ಕೈಗಳು ತಾವಾಗಿಯೇ ಜೋಡಿಸಿಕೊಂಡವು.