ಹಳದಿ ಕುಲಾವಿ

ಮಾರ್ಚ್ ೯, ಸೋಮವಾರ

ನನ್ನ ಮೆಣಸಿನಕಾಯಿಗೆ ಅಕ್ಕನ ಪ್ರೀತಿಯ ನೆನಪುಗಳು.

ಹೇಗಿದ್ದೀಯೇ? ನಿನ್ನ ಎರಡೂ ಪತ್ರ ತಲುಪಿ ತಿಂಗಳಾಯಿತು. ಉತ್ತರವಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಜೈಲಿನ ಕಚೇರಿಯಲ್ಲಿ ಪ್ರತಿ ಪತ್ರವನ್ನೂ ಒಡೆದು ಓದಿಯೇ ಒಳಗೆ ಕೊಡುತ್ತಾರೆ ಎಂದು ಬರೆದಿದ್ದೆಯಲ್ಲ, ಬರೆಯಲು ಕೂತಾಗಲೆಲ್ಲ ಅದು ನೆನಪಾಗಿ ಪೆನ್ನು ಕೆಳಗಿಡುತ್ತಿದ್ದೆ. ತಪ್ಪಾಯಿತು, ಬೈಕೋ.

ಆಸ್ಪತ್ರೆಯ ಲಾಂಡ್ರಿಯಲ್ಲಿ ನನ್ನ ಕೆಲಸ ಉಳಿದಿದೆ. ಆದರೆ ನರ್ಸುಗಳ ಕೋಟುಗಳನ್ನು ನನ್ನ ಕೈಗೆ ಕೊಡುವುದಿಲ್ಲ, ಚಾದರ ಮಾತ್ರ. ಇಸ್ತ್ರಿ ಮೇಜಿನ ಸುತ್ತ ಹರಟೆಗೆ ಕರೆಯುತ್ತಿದ್ದವರು ನಾನು ಹತ್ತಿರ ಹೋದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಮೇಸ್ತ್ರಿ ಒಬ್ಬನೇ ಮಾತಾಡಿಸುವುದು: "ಏನಮ್ಮಾ, ಚಾದರಗಳನ್ನಾದ್ರೂ ಯಾರಿಗೂ ಎರವಲು ಕೊಡ್ಬೇಡ!" ನಕ್ಕುಬಿಡುತ್ತೇನೆ. ದಿನಕ್ಕೆ ಒಬ್ಬರು ಮಾತಾಡಿಸಿದರೂ ಸಾಕು ಎನ್ನುವಂತಾಗಿದೆ. ನೀನು ಬೈಯುತ್ತಿದ್ದ ಆ ಸೋರುವ ನಲ್ಲಿಯನ್ನು ರಿಪೇರಿ ಮಾಡಿಸಿಲ್ಲ. ಮನೆಯಲ್ಲಿ ಅದಾದರೂ ಸದ್ದು ಮಾಡುತ್ತದೆ.

ಮೊನ್ನೆ ನಿನ್ನ ವಕೀಲಮ್ಮ ಕರೆಸಿದ್ದರು. "ನರ್ಸ್ ಕೋಟು ಹಾಕ್ಕೊಂಡು ಹೆರಿಗೆ ವಾರ್ಡಿಂದ ಮಗು ಎತ್ಕೊಂಡು ಬಂದಿದ್ದು ನಿನ್ನ ತಂಗಿಯ ಅಪರಾಧ. ಯಾತಕ್ಕೆ ಅಂತ ಗೊತ್ತಿದ್ದೂ ಕೋಟು ಕೊಟ್ಟಿದ್ರೆ, ಇಲ್ಲಾ 'ಹೋಗು, ಮಾಡು' ಅಂತ ಹುರಿದುಂಬಿಸಿದ್ರೆ, ಅದಕ್ಕೆ ಕುಮ್ಮಕ್ಕು ಅಂತಾರೆ. ಅದೂ ಅಪರಾಧವೇ" ಎಂದರು.

"ಮಗೂನ ಮುಟ್ಟದೇ ಇದ್ರೂನಾ?" ಎಂದು ಕೇಳಿದೆ.

"ವಾರ್ಡಿನ ಹತ್ತಿರ ಸುಳೀದೇ ಇದ್ರೂ. ನಿಂಗ್ಯಾಕೆ ಆ ಚಿಂತೆ? ಕೋಟು ಕದ್ದೆ, ಅಕ್ಕಂಗೆ ಏನೂ ಗೊತ್ತಿಲ್ಲ ಅಂತ ಅವಳೇ ಹೇಳಿಕೆ ಕೊಟ್ಟಿದ್ದಾಳಲ್ಲ. ನೀನು ಬಚಾವ್."

ಬಚಾವಂತೆ! ಬಸ್ಸಿನಲ್ಲಿ ಮನೆ ತಲುಪುವವರೆಗೂ ಅತ್ತೆ. ಅದೇ ವಾರ್ಡಿನಿಂದ ನೀನು ಮೂರು ಸಲ ಬರಿಗೈಯಲ್ಲಿ ಬಂದಾಗ ಬಾಗಿಲು ತೆಗೆದವಳು ನಾನು. ಮೂರನೆಯ ಸಲ ನಿನ್ನ ಗಂಡನೂ ಬಿಟ್ಟುಹೋದ. ನಿನ್ನ ಸಂಕಟ ಅಷ್ಟು ಕಂಡವಳಿಗೆ ಆ ತಾಯಿಯ ಸಂಕಟ ಹೊಳೆಯಲಿಲ್ಲವಲ್ಲ! ಅಂದು ಸಂಜೆಯೊಳಗೆ ಮಗು ಅವಳ ಮಡಿಲು ಸೇರಿತು, ಪುಣ್ಯ. ಹೋದ ವಾರ ಲಸಿಕೆ ಹಾಕಿಸಲು ಬಂದಿದ್ದಳು. ಮಗು ಗುಂಡುಗುಂಡಾಗಿದೆ. ಚಾದರದ ರಾಶಿಯ ಹಿಂದೆ ನಿಂತು ನೋಡಿದೆ. ಎದುರಿಗೆ ಹೋಗುವ ಧೈರ್ಯ ಬರಲಿಲ್ಲ.

ನಿನ್ನ ಕೋಣೆಯಲ್ಲಿ ಸೆಖೆ ಎಂದಿದ್ದೆ, ಪಕ್ಕದ ಹಾಸಿಗೆ ಖಾಲಿ, ಮಾತಿಗೆ ಜನವಿಲ್ಲ ಎಂದೂ ಬರೆದಿದ್ದೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕೂದಲು ಬಾಚಿಕೋ. ಯಾರೊಂದಿಗೂ ಜಗಳವಾಡಬೇಡ, ಆಡಿದರೆ ಸೋಲಬೇಡ. ನೂರು ವರ್ಷ ತಣ್ಣಗಿರು, ನನ್ನ ಕಂದ.

ನಿನ್ನ
ಅಕ್ಕ

ತಾ.ಕ.: ಮಗುವಿನ ತಲೆಗೆ ಹಾಕಿದ್ದ ಹಳದಿ ಕುಲಾವಿ ಎಲ್ಲಿಯದೆಂದು ಪೊಲೀಸರು ಕೇಳಿದಾಗ ನೀನು "ಅಂಗಡೀಲಿ ತಗೊಂಡೆ" ಎಂದೆ. ನಾನು ಪಕ್ಕದಲ್ಲೇ ನಿಂತು ಸುಮ್ಮನಿದ್ದೆ. ಅದನ್ನು ಹೆಣೆದವಳು ನಾನು, ನೀನು ವಾರ್ಡಿಗೆ ಹೋಗುವ ಒಂದು ವಾರ ಮೊದಲೇ. ಕೋಟು ತಂದು ಗುಂಡಿ ಹಾಕಿದವಳೂ ನಾನೇ. ಹೊಸ್ತಿಲಲ್ಲಿ ನಿಂತು "ಬೇಡ ಅಕ್ಕ, ಭಯ ಆಗ್ತಿದೆ" ಎಂದು ನೀನು ಹಿಂದೆ ಸರಿದೆ. "ಹೋಗು, ನಾನಿದ್ದೀನಿ" ಎಂದು ಬೆನ್ನು ತಟ್ಟಿ ಕಳಿಸಿದೆ. ಪತ್ರ ಒಡೆದು ಓದುವವರಿಗೂ ಕಾಣಲಿ ಎಂದು ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಬಟ್ಟೆಯ ಚೀಲ ಕಟ್ಟಿಟ್ಟಾಯಿತು. ಆ ಪಕ್ಕದ ಹಾಸಿಗೆಯನ್ನು ಯಾರಿಗೂ ಬಿಟ್ಟುಕೊಡಬೇಡ.