ಎರೆಮಣ್ಣು ನುಂಗಿದ ಗುರುತು

ನನ್ನ ಶಗುಫ್ತಾ,

ಯರಗುಪ್ಪಿಯಿಂದ ನಿನ್ನ ದಾದಿಮಾ ಬರೆಯುತ್ತಿದ್ದೇನೆ. ಮೂರನೇ ಇಯತ್ತೆ ಕಲಿತವಳ ಅಕ್ಷರ, ಕೋಳಿ ಕೆದರಿದ ಹಾಗೆ ಇರುತ್ತದೆ. ಬೈದುಕೊಂಡಾದರೂ ಓದು. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನಮ್ಮ ಮನೆಯ ಫೋನ್ ಅಂದರೆ ಊರ ಬಾವಿಕಟ್ಟೆ ಇದ್ದ ಹಾಗೆ, ಒಬ್ಬರು ಮಾತಾಡಿದರೆ ನಾಲ್ಕು ಜನ ಕಿವಿ ಕೊಡುತ್ತಾರೆ. ಮೊನ್ನೆ ನೀನು, "ದಾದಿಮಾ, ನನ್ನ ಕೂಸಿನ್ನ ಎಲ್ಲಿ ಇಟ್ರಿ?" ಅಂದೆ. ನಾನು ಬಾಯಿ ತೆರೆಯುವುದರೊಳಗೆ ನಿನ್ನ ಅಮ್ಮಿ ಫೋನ್ ಕಸಿದುಕೊಂಡು, "ಅದೆಲ್ಲಾ ಈಗ್ಯಾಕ? ಉಂಡಿಯೇನು?" ಅಂದಳು. ನೀನು ಕೇಳಿದ್ದಕ್ಕೆ ಇದು ಉತ್ತರ.

ಮೊದಲು ಹಿತ್ತಲ ಸುದ್ದಿ. ಹೆರಿಗೆಗೆಂದು ಬಂದವಳು ಸುಮ್ಮನೆ ಕೂರಲಾರದೆ ಕಂಡಲ್ಲೆಲ್ಲ ಏನಾದರೂ ನೆಟ್ಟು ಹೋದೆಯಲ್ಲ, ಅದೆಲ್ಲ ಈಗ ಎದ್ದು ನಿಂತಿದೆ. ಎಣ್ಣೆ ಡಬ್ಬಿಯಲ್ಲಿ ಚುಚ್ಚಿದ ದಾಸವಾಳದ ಕಡ್ಡಿ ಚಿಗುರಿದೆ. ನುಗ್ಗೆ ಎಲೆ ಕಾಣದಷ್ಟು ಹೂ ಬಿಟ್ಟಿದೆ. ಮಲ್ಲಿಗೆಗೆ ಮೊಗ್ಗು ಹತ್ತಿದೆ. ಬೇವು ಎಲೆ ಉದುರಿಸುತ್ತಿದೆ, ಮುಂಜಾನೆ ಕಸ ಹೊಡೆದರೆ ಮಧ್ಯಾಹ್ನಕ್ಕೆ ಮತ್ತೆ ಅಷ್ಟೇ. ಕೋಗಿಲೆ ಬೇರೆ ಬಂದು ಕೂತಿದೆ, ದುಡಿಯದ ಬಾಯಿ, ದಿನವಿಡೀ ಒಂದೇ ರಾಗ. ಯಾರು ಕೇಳಿದ್ದರು ಈ ವರ್ಷ ಇಷ್ಟೊಂದು ಹೂವನ್ನು? ನಾಚಿಕೆಯಿಲ್ಲದ ಹಿತ್ತಲು. ನೀರು ಹಾಕುವುದನ್ನೇ ಬಿಡಬೇಕು ಅನ್ನಿಸುತ್ತದೆ. ಬಿಟ್ಟಿಲ್ಲ.

ರಂಜಾನ್ ಹತ್ತಿರ ಬಂತೆಂದು ಮೊನ್ನೆ ಶಾವಿಗೆ ಮಾಡಲು ಕೂತಿದ್ದೆವು. ಬಾಜೂ ಮನೆಯ ರೇಷ್ಮಾಬಿ ಹಿಟ್ಟು ನಾದುತ್ತಾ, "ಇನ್ನೊಂದು ಹಡದ್ರ ಎಲ್ಲಾ ಮರತ ಹೋಗತೈತಿ ಬಿಡ್ರಿ" ಅಂದಳು. "ನಿನ್ನ ಎಮ್ಮಿ ಸತ್ತಾಗ ಹೊಟ್ಟಿಗೆ ಕೂಳಿಲ್ಲದ ಬಿದ್ಕೊಂಡಿದ್ದೆಲ್ಲಬೇ. ನನ್ನ ಮೊಮ್ಮಗಳ ಕೂಸು ನಿನ್ನ ಎಮ್ಮಿಗಿಂತ ಕಡಿಮಿಯೇನು?" ಅಂದೆ. ಹಿಟ್ಟು ಅಲ್ಲೇ ಬಿಟ್ಟು ಎದ್ದು ಹೋದಳು. ಉಳಿದ ಶಾವಿಗೆ ನಾನೊಬ್ಬಳೇ ಮಾಡಿದೆ. ರಟ್ಟೆ ಇನ್ನೂ ನೋಯುತ್ತಿದೆ, ಆದರೆ ಆಡಿದ ಮಾತಿಗೆ ಬೇಸರವಿಲ್ಲ.

ಈಗ ನಿನ್ನ ಮಾತಿಗೆ ಬರುತ್ತೇನೆ. ಹುಬ್ಬಳ್ಳಿ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ನಿನಗಿನ್ನೂ ಎಚ್ಚರವಿರಲಿಲ್ಲ. ನಿನ್ನ ಅಬ್ಬಾ ಯುನೂಸ್, ನಿನ್ನ ಗಂಡ ಜಾಕೀರ್ ಇಬ್ಬರೂ ಉಸಿರಿಲ್ಲದ ಆ ಹೆಣ್ಣುಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಊರಿಗೆ ತಂದರು. ಹೊರಗೆ ಆಕಾಶ ಹರಿದ ಹಾಗೆ ಮಳೆ. ನಮ್ಮ ಪಡಸಾಲೆಯಲ್ಲಿ ನಾನು ಬಟ್ಟೆ ಸರಿಸಿ ಮುಖ ನೋಡಿದೆ. ನಿನಗೆ ಯಾರೂ ಹೇಳಿರಲಿಕ್ಕಿಲ್ಲ, ಅದಕ್ಕೆ ನಾನು ಹೇಳುತ್ತೇನೆ. ತಲೆ ತುಂಬ ಕೂದಲು. ಮೂಗು ನಿನ್ನದೇ. ಗದ್ದ ಜಾಕೀರನದು. ಆಮೇಲೆ ಗಂಡಸರು ಖಬರಸ್ತಾನಕ್ಕೆ ಒಯ್ದರು. ಹೆಂಗಸರು ಅಲ್ಲಿಗೆ ಹೋಗುವ ರಿವಾಜು ನಮ್ಮಲ್ಲಿಲ್ಲ, ನಾನು ಬಾಗಿಲಲ್ಲೇ ನಿಂತೆ.

ಸತ್ತವರಿಗಾಗಿ ದುವಾ ಕೇಳುವ ಬಡೀ ರಾತ್ ಈ ಸಲ ಬಂತೆಂದು ಗಂಡಸರೆಲ್ಲ ಹೋಗಿ ಗೋರಿಗಳನ್ನು ಸ್ವಚ್ಛ ಮಾಡಿ ಬಂದರು. ನಿನ್ನ ಅಬ್ಬಾ ಕಾಲು ತೊಳೆಯುತ್ತಿದ್ದಾಗ, "ಕೂಸಿನ ಮ್ಯಾಲೆ ಹೂವು ಹಾಕಿದಿಯೇನು?" ಅಂತ ಕೇಳಿದೆ. ಚರಿಗೆ ಕೆಳಗಿಟ್ಟ. "ಗುರ್ತ ಸಿಗವಲ್ದಮ್ಮಾ. ಕಲ್ಲ ಇಟ್ಟಿದ್ದೆ, ಎರಿ ಮಣ್ಣು ನುಂಗೇತಿ" ಅಂದ.

ನಮ್ಮ ಈ ಕಪ್ಪು ಎರೆಮಣ್ಣಿನ ಗುಣ ನಿನಗೆ ಗೊತ್ತಿಲ್ಲದ್ದಲ್ಲ. ಮಳೆಗೆ ಅಂಬಲಿಯಾಗುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ, ಮೇಲಿಟ್ಟದ್ದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ದೊಡ್ಡವರ ಗೋರಿಗೆ ತಲೆಯ ಕಡೆ ಒಂದು, ಕಾಲ ಕಡೆ ಒಂದು ಉದ್ದನೆ ಕಲ್ಲು ಹುಗಿಯುತ್ತಾರೆ. ನಿನ್ನ ಅಬ್ಬಾ ಇಟ್ಟದ್ದು ಅಂಗೈಯಗಲದ ಕಲ್ಲು. ಕೂಸಿಗೆ ಕೂಸಿನಷ್ಟೇ ಕಲ್ಲು ಸಾಕೆಂದುಕೊಂಡ ಪುಣ್ಯಾತ್ಮ. ಹುಟ್ಟಿದಾಗಿನಿಂದ ಈ ಮಣ್ಣು ತುಳಿದವನಿಗೆ ಆ ದಿನ ಅಷ್ಟೂ ಹೊಳೆಯಲಿಲ್ಲ.

ಇವರೆಲ್ಲ ನಿನಗೆ ಮರೆ ಮರೆ ಅನ್ನುವುದು ಯಾಕೆಂದು ಆಗ ತಿಳಿಯಿತು. ನಿನ್ನ ಅಮ್ಮಿ ಕಲ್ಲೆದೆಯವಳಲ್ಲ ಮಗಳೇ. ನೀನು ತೋರಿಸು ಅಂದರೆ ಏನನ್ನು ತೋರಿಸುವುದು ಎಂಬ ಭಯ ಅವಳಿಗೆ. ನಿನ್ನ ಅಬ್ಬಾ ಒಂದು ಉಪಾಯ ಹೇಳಿದ. "ಬ್ಯಾರೆ ಕಲ್ಲ ಇಟ್ಟು, ಇದಾ ಅಂದ್ಬಿಡೂಣಮ್ಮಾ. ಆಕಿಗೆ ಸಮಾಧಾನ ಆಗತೈತಿ."

"ನಾಳೆ ನಾ ಸತ್ತಮ್ಯಾಲೆ ನನ್ನ ಗೋರಿನೂ ಹಿಂಗಾ ಅಂದಾಜಿನ ಮ್ಯಾಲೆ ತೋರಸ್ತಿಯೇನಲೇ?" ಅಂದೆ. ತಲೆ ತಗ್ಗಿಸಿದವನು ಊಟಕ್ಕೂ ಏಳಲಿಲ್ಲ.

ಮರುದಿನ ಮುಂಜಾನೆ ಗುದ್ದಲಿ ಹಿಡಿದು ನಾನೇ ಖಬರಸ್ತಾನಕ್ಕೆ ಹೋದೆ. ಅದನ್ನು ನೋಡಿಕೊಳ್ಳುವ ಮಾಬುಸಾಬ ಗೇಟಿನಲ್ಲಿ ಅಡ್ಡ ನಿಂತ. "ರಾಜಮಾಬಿ, ಹೆಂಗಸರು ಒಳಗ ಬರೂ ರಿವಾಜಿಲ್ರಿ."

"ಇವತ್ತಲ್ಲ ನಾಳೆ ಹೊತ್ಗೊಂಡು ಬರ್ತಾರ ನನ್ನ. ಆವಾಗೂ ಗೇಟ್ ಹಾಕ್ತೀಯೇನು? ಜಾಗಾ ನೋಡಾಕ ಬಂದೀನಿ, ಸರಿ" ಅಂದೆ. ಪಾಪದವನು, ಸರಿದ.

ಆ ಮಳೆಯಲ್ಲಿ ಕುಣಿ ತೋಡಿದವನು ಅವನೇ. ತೋಡಿದಲ್ಲೆಲ್ಲ ನೀರು ಒಸರಿತಂತೆ. ಕಡೆಗೆ ನಿನ್ನ ದಾದಾನ, ಅಂದರೆ ನನ್ನ ಯಜಮಾನರ ಗೋರಿಗೂ ಗೋಡೆಗೂ ನಡುವೆ ನೆಲ ಸ್ವಲ್ಪ ಎತ್ತರವಿದೆಯೆಂದು ಅಲ್ಲಿ ಇಟ್ಟರಂತೆ. ಅಷ್ಟು ಮಾತ್ರ ಅವನಿಗೆ ನೆನಪಿದೆ. ಈಗ ಅಲ್ಲಿ ನನ್ನ ಮೊಣಕೈವರೆಗೂ ಇಳಿಯುವಂಥ ಬಿರುಕು. ಒಳಗೆ ಕೈ ಹಾಕಿ ಕಲ್ಲಿಗಾಗಿ ತಡಕಿದೆ. ಸಿಗಲಿಲ್ಲ. ಸಿಟ್ಟು ನೆತ್ತಿಗೇರಿ ಗುದ್ದಲಿ ಎತ್ತಿದೆ. ಮಾಬುಸಾಬ ಹಿಡಿದುಕೊಂಡ. "ಅಗೀಬ್ಯಾಡ್ರಿ. ಮಲಗೇತ್ರಿ ಕೂಸು" ಅಂದ. ನನ್ನ ಬಾಯಿಗೆ ಬೀಗ ಹಾಕಿದವರು ಈ ಊರಲ್ಲಿ ಯಾರೂ ಇರಲಿಲ್ಲ. ಅವನು ಹಾಕಿದ.

ಅಂದಿನಿಂದ ನನ್ನದು ಒಂದೇ ಕೆಲಸ. ದಿನಾ ಹಿತ್ತಲಿನಿಂದ ಒಂದು ಬುಟ್ಟಿ ಮಣ್ಣು ಹೊತ್ತು ಹೋಗಿ ಆ ಬಿರುಕಿಗೆ ಬೊಗಸೆ ಬೊಗಸೆ ಸುರಿಯುತ್ತೇನೆ. ಎಷ್ಟು ಸುರಿದರೂ ಕುಡಿಯುತ್ತದೆ. ಗೋರಿಯ ಮೇಲೆ ನಮ್ಮವರು ಹಾಕುವ ಸಬ್ಜಾ ಬೀಜವನ್ನೂ ಉದುರಿಸಿ ನೀರು ಚಿಮುಕಿಸಿದ್ದೇನೆ. ಒಂದೂ ಎದ್ದಿಲ್ಲ. ಮುದುಕಿಗೆ ತಲೆ ಕೆಟ್ಟಿದೆ ಎಂದು ಓಣಿಯಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಮಳೆ ಬೀಳುವುದರೊಳಗೆ ಬಾ. ಬಿದ್ದರೆ ಆ ಕೆಸರಲ್ಲಿ ಕಾಲಿಡಲಾಗದು. ಜಾಕೀರನನ್ನೂ ಕರೆದುಕೊಂಡು ಬಾ. ಕೂಸನ್ನು ಕುಣಿಗೆ ಇಳಿಸಿದ್ದು ಅವನ ಕೈ. ಕಲಘಟಗಿಯಲ್ಲಿ ಬೇರೆಯವರ ಮಕ್ಕಳಿಗೆ ತೊಟ್ಟಿಲು ಮಾಡುತ್ತಾ ಕೂತ ಆ ಕೈಯೂ ಸೋತಿದ್ದೀತು. ಗೇಟಿನಲ್ಲಿ ಯಾರಾದರೂ ಅಡ್ಡ ಬಂದರೆ ಅವರನ್ನು ನನಗೆ ಬಿಡು. ನೀನು ಸುಮ್ಮನೆ ಒಳಗೆ ನಡೆ.

ಇಲ್ಲೇ ಎಂದು ಬೆರಳು ಮಾಡಿ ತೋರಿಸಲು ನನ್ನಿಂದ ಆಗದು ಶಗುಫ್ತಾ. ಸುಳ್ಳು ಕಲ್ಲಿನ ಮುಂದೆ ನಿನ್ನನ್ನು ಕೂರಿಸಲೂ ಆಗದು. ಇರುವುದು ಒಂದು ಹೊರಸು ಹಾಕುವಷ್ಟು ನೆಲ. ಅಲ್ಲಿ ನೀನು ಎಲ್ಲಿ ಕೂತರೂ, ಕೈ ಚಾಚಿದಷ್ಟು ದೂರದಲ್ಲೇ ಇದ್ದಾಳೆ ನಿನ್ನ ಮಗಳು.

ಅಲ್ಲಾಹ ನಿನಗೆ ಅಳಲು ಬೇಕಾದಷ್ಟು ಬಲ ಕೊಡಲಿ, ಅತ್ತ ಮೇಲೆ ಎದ್ದು ನಿಲ್ಲಲೂ ಕೊಡಲಿ.

ದಾರಿ ನೋಡುತ್ತಿರುವ, ನಿನ್ನ ದಾದಿಮಾ
ರಾಜಮಾಬಿ