ತೆರೆದೇ ಉಳಿದ ಗಾಳಿಕದ

ಇಸವಿ 2191, ಫೆಬ್ರವರಿ 30, ನಡುಹಗಲು
ಮೂರನೇ ಓಣಿ, ಕಪ್ಪತಗುಡ್ಡದ ಬುಡ

ನನಗಿಂತ ಆರೇಳು ತಲೆ ಹಿಂದಿನ ಹಿರಿಯರಿಗೆ,

ತಾರೀಖನ್ನು ತಪ್ಪಿ ಬರೆದಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಉಳಿಯುವ ಐದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ, ಅವು ಕೊಳವೆ ತೊಳೆಯುವುದಕ್ಕೆ ಮೀಸಲು. ಇಂಥ ಮಾತುಗಳು ಈ ಪತ್ರದಲ್ಲಿ ಇನ್ನೂ ಬರುತ್ತವೆ. ನಾನು ಐದನೆಯ ತರಗತಿಯವರೆಗೆ ಓದಿದವಳು, ಬರೆದು ರೂಢಿಯಿಲ್ಲ. ಎಲ್ಲಾದರೂ ಅರ್ಥವಾಗದಿದ್ದರೆ ತಪ್ಪು ನನ್ನದು, ಮನ್ನಿಸಿ ಮುಂದೆ ಓದಿ.

ನಿಮಗೇಕೆ ಬರೆಯುತ್ತಿದ್ದೇನೆ ಎಂದರೆ, ನಮ್ಮಲ್ಲಿ ಒಂದು ಪದ್ಧತಿಯಿದೆ. ತಪ್ಪು ಮಾಡಿದವರು ಅದನ್ನು ಮೊದಲು ಹೋದವರಿಗೆ ಬರೆಯಬೇಕು, ಆಮೇಲೆ ಇದ್ದವರಿಗೆ ಹೇಳಬೇಕು. ಹೋದವರು ಬೈಯುವುದಿಲ್ಲ, ಅಡ್ಡ ಮಾತಾಡುವುದಿಲ್ಲ, ಅವರ ಮುಂದೆ ಒಮ್ಮೆ ಪೂರ್ತಿ ಹೇಳಿಕೊಂಡರೆ ನಾಲಿಗೆ ಸಡಿಲವಾಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಬರೆದದ್ದನ್ನು ಗುಡ್ಡದ ಮೇಲಿನ ಗಾಳಿಕಂಬದ ಬುಡದಲ್ಲಿರುವ ಪೆಟ್ಟಿಗೆಗೆ ಹಾಕುತ್ತೇವೆ. ಯಾರೂ ತೆಗೆದು ಓದುವುದಿಲ್ಲ. ಹೆಚ್ಚಿನವರು ತಮ್ಮ ಅಜ್ಜ ಅಜ್ಜಿಯರಿಗೆ ಬರೆಯುತ್ತಾರೆ. ನಾನು ನಿಮ್ಮನ್ನು ಆರಿಸಿಕೊಂಡೆ. ಮಕ್ಕಳಿಗೆ ಲಸಿಕೆ ಹಾಕಿಸಬೇಕೋ ಬೇಡವೋ ಎಂದು ಮನೆಮನೆಯಲ್ಲಿ ವಾದ ಮಾಡಿದವರು ನೀವು ಎಂದು ಶಾಲೆಯ ಪಾಠದಲ್ಲಿತ್ತು. ನನ್ನ ತಪ್ಪು ನಿಮಗೆ ಬೇಗ ತಿಳಿಯಬಹುದು.

ನಮ್ಮ ಮನೆಗಳು ನೆಲದೊಳಗಿವೆ. ಬಿಸಿಲು ತಾಳಲಾರದೆ ಮುತ್ತಜ್ಜಂದಿರು ಗುಡ್ಡದ ಬುಡವನ್ನು ಕೊರೆದು ಕಟ್ಟಿಕೊಂಡ ಮನೆಗಳು. ಒಂದು ಓಣಿಗೆ ಹನ್ನೊಂದು ಮನೆ. ಬೆಳಗಿನ ಎಂಟರೊಳಗೆ ಹೊಲದ ಕೆಲಸ, ಕಂಬದ ಕೆಲಸ, ನೀರು ತರುವುದು ಎಲ್ಲ ಮುಗಿಸಿ ಕೆಳಗಿಳಿದರೆ ಮತ್ತೆ ಮೇಲೆ ಬರುವುದು ಬಿಸಿಲು ಇಳಿದ ಮೇಲೆ. ಗಾಳಿಕಂಬದ ರೆಕ್ಕೆ ತಿರುಗಿದಾಗ ಕೆಳಗಿನ ಯಂತ್ರ ತಂಪು ಗಾಳಿಯನ್ನು ಒಂದು ದೊಡ್ಡ ಕೊಳವೆಗೆ ನೂಕುತ್ತದೆ. ಆ ಗಾಳಿ ಹನ್ನೊಂದೂ ಮನೆಗಳನ್ನು ಹಾದು ಯಂತ್ರಕ್ಕೆ ಮರಳಿ, ಮತ್ತೆ ತಂಪಾಗಿ ಹೊರಡುತ್ತದೆ. ಇದಕ್ಕೆ ನಾವು ಒಕ್ಕುಸಿರು ಎನ್ನುತ್ತೇವೆ, ಎಲ್ಲರೂ ಸೇರಿ ಆಡುವ ಒಂದೇ ಉಸಿರು ಎಂದು ಅರ್ಥ. ಒಂದು ಮನೆಯಲ್ಲಿ ಮಿರ್ಚಿ ಕರಿದರೆ ಓಣಿಯೆಲ್ಲ ಸೀನುತ್ತದೆ. ಗಂಡ ಹೆಂಡತಿ ಜಗಳವಾಡಿದರೆ ಕೊಳವೆಯಲ್ಲಿ ಕೇಳುತ್ತದೆ, ಮರುದಿನ ನಾವು ಕೇಳದವರಂತೆ ಇರುತ್ತೇವೆ.

ಪ್ರತಿ ಮನೆಯಲ್ಲಿ ಕೊಳವೆಯ ಬಾಯಿಗೆ ಒಂದು ತಗಡಿನ ಮುಚ್ಚಳವಿದೆ. ಅದೇ ಗಾಳಿಕದ. ಅದನ್ನು ಮುಚ್ಚಿದರೆ ಆ ಮನೆ ಒಕ್ಕುಸಿರಿನಿಂದ ಬೇರೆಯಾಗುತ್ತದೆ, ಮಾಡಿನ ಬೆಳಕಿಂಡಿಯಿಂದ ಬರುವ ಬಿಸಿ ಗಾಳಿಯಲ್ಲೇ ದಿನ ದೂಡಬೇಕಾಗುತ್ತದೆ. ನಮ್ಮಲ್ಲಿ ಲಸಿಕೆಯನ್ನು ಒತ್ತಾಯದಿಂದ ಹಾಕುವುದಿಲ್ಲ. ನನ್ನ ಅಜ್ಜಿಯ ಕಾಲದಲ್ಲಿ ತಾಯಂದಿರ ಕೈ ಹಿಡಿದಿಟ್ಟು ಮಕ್ಕಳಿಗೆ ಹಾಕಿದ್ದರಂತೆ. ಆಗ ಜನ ಮಕ್ಕಳನ್ನು ಎತ್ತಿಕೊಂಡು ಗುಡ್ಡದ ಗವಿಗಳಲ್ಲಿ ಅಡಗಿದರು, ಅಲ್ಲಿ ರೋಗಕ್ಕೆ ಸತ್ತವರೇ ಹೆಚ್ಚು. ಆಮೇಲೆ ಓಣಿಗಳೆಲ್ಲ ಕೂಡಿ ಒಂದು ಕಟ್ಟಳೆ ಮಾಡಿದವು: ಬೇಡ ಎಂದವರ ಕೈ ಹಿಡಿಯಬಾರದು, ಬೇಡ ಎಂದವರ ಕದ ತೆರೆದಿಡಬಾರದು. ಬೇಡ ಎಂದ ಮನೆಯ ಬಾಗಿಲಿಗೆ ಹಸಿರು ಬಟ್ಟೆ ಕಟ್ಟಿ, ಗಾಳಿಕದ ಮುಚ್ಚಿ, ಮೊಳೆ ಹೊಡೆಯುತ್ತಾರೆ. ಹಾಕಿಸಿದ ದಿನ ಮೊಳೆ ತೆಗೆಯುತ್ತಾರೆ.

ಈ ಕೆಲಸ ಮಾಡುವವಳು ನಾನು, ಕದದವಳು. ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ಮೂರು ಬೇರೆ ಬೇರೆ ಸಂಜೆ ಆ ಮನೆಗೆ ಹೋಗಿ ದಡಾರದ ಲಸಿಕೆ ಹಾಕಿಸುತ್ತೀರಾ ಎಂದು ಕೇಳಬೇಕು. ಒಪ್ಪಿ ಹಾಕಿಸಿದರೆ ಓಣಿಯ ಬಾಯಲ್ಲಿರುವ, ಲಸಿಕೆಯಾದವರ ಹಲಗೆಯ ಮೇಲೆ ಮಗುವಿನ ಹೆಸರು ಬರೆಯಬೇಕು. ಮೂರು ಸಲವೂ ಬೇಡವೆಂದರೆ ಮೊಳೆ, ಬಟ್ಟೆ. ಕೆಲಸ ಸುಲಭ, ಆದರೆ ನನಗೆ ನಾಲ್ಕು ಜನರ ಮುಂದೆ ಬಾಯಿ ಬರುವುದಿಲ್ಲ. ಓಣಿಯ ಹಿರಿಯರಾದ ಈರಪ್ಪಜ್ಜ ಒಮ್ಮೆ ಎಲ್ಲರ ಎದುರು, "ಈ ಹುಡುಗಿ ಬಾಗಿಲಾ ಬಡದ್ರ ಇಲಿ ಬಂತಂತ ನಮ್ಮ ಬೆಕ್ಕು ಎದ್ದು ಕುಂದರ್ತೈತಿ" ಎಂದು ನಗಿಸಿದ್ದರು. ನಾನೂ ನಕ್ಕೆ.

ಐದನೇ ಮನೆ ನನ್ನ ಅಕ್ಕ ಬಾಳವ್ವನದು. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳು, ಈಗಲೂ ಅವಳ ಮನೆಯಲ್ಲೇ ಇದ್ದೇನೆ. ಹೋದ ಶ್ರಾವಣದಲ್ಲಿ ಅವಳ ಮಗ ಶಿವುಗೆ ಒಂಬತ್ತು ತಿಂಗಳು ತುಂಬಿತು. ರೊಟ್ಟಿ ಬಡಿಯುತ್ತಿದ್ದ ಅಕ್ಕನನ್ನು ಕೇಳಿದೆ. ಅವಳು ಕೈ ನಿಲ್ಲಿಸದೆ ಬೇಡ ಎಂದಳು.

"ನೀಲಿಗೆ ಹಾಕಿಸಿದ ದಿನಾ ರಾತ್ರಿ ಆಕಿ ಕಣ್ಣು ಮ್ಯಾಲೆ ಮಾಡಿ ಸೆಟದಾಗ ಬಾಜೂ ಇದ್ದಾಕಿ ನಾನು. ನೀನಿದ್ದಿಲ್ಲ, ಆ ಡಾಕ್ಟರೂ ಇದ್ದಿಲ್ಲ."

ನೀಲಿ ಅವಳ ಹಿರಿಯ ಮಗಳು. ಲಸಿಕೆಯ ನಂತರ ಜ್ವರ ಬಂದು ಅವಳಿಗೆ ಫಿಟ್ಸ್ ಆಗಿತ್ತು. ಜ್ವರ ಏರಿದರೆ ಕೆಲವು ಮಕ್ಕಳಿಗೆ ಹಾಗಾಗುತ್ತದೆ, ಹೆದರಬೇಡಿ ಎಂದು ಡಾಕ್ಟರು ಹೇಳಿದ್ದರು. ನೀಲಿ ಈಗ ಆರು ವರ್ಷದವಳು, ಚೆನ್ನಾಗಿದ್ದಾಳೆ. ಇದನ್ನೇ ಅಕ್ಕನಿಗೆ ನೆನಪಿಸಿ, ಹಾಕಿಸದಿದ್ದರೆ ಮೊಳೆ ಹೊಡೆಯಬೇಕಾಗುತ್ತದೆ ಎಂದೆ. ಆಗ ಅವಳು ರೊಟ್ಟಿ ಬಿಟ್ಟು ನನ್ನ ಕಡೆ ತಿರುಗಿದಳು.

"ಬ್ಯಾಡ ಅನ್ನಾಕ ಹಕ್ಕೈತಿ ಅಂತೀರಿ. ಬ್ಯಾಡ ಅಂದ್ರ ಮನಿ ಒಲಿ ಆಕ್ಕೈತಿ, ಬಾಗಲಕ್ಕ ಬಟ್ಟಿ ಬೀಳತೈತಿ. ಇದೆಂಥಾ ಹಕ್ಕ ಹಾಲವ್ವಾ? ನನ್ನ ಮಕ್ಕಳು ಬೇಯಬೇಕೇನು?"

ಅವಳ ಮಾತಿನಲ್ಲಿ ಸತ್ಯವಿತ್ತು, ಇವತ್ತಿಗೂ ಹಾಗೇ ಅನ್ನಿಸುತ್ತದೆ. ಆದರೂ ಎರಡನೆಯ ಸಂಜೆ ಮತ್ತೆ ಕೇಳಬೇಕಿತ್ತು, ಮೂರನೆಯ ಸಂಜೆಯೂ ಕೇಳಬೇಕಿತ್ತು. ನಾನು ಕೇಳಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಎಲ್ಲರೂ ಮೇಲೆ ಹೋಗಿದ್ದಾಗ ಹಲಗೆಯ ಮೇಲೆ ಶಿವುವಿನ ಹೆಸರು ಬರೆದೆ. ಅಕ್ಷರ ದುಂಡಗೆ ಬಂದಿತ್ತು. ಹಲಗೆ ನೋಡಿ ಬಂದ ಅಕ್ಕ ಅಂದು ಸಂಜೆ ನನ್ನ ತಲೆಗೆ ಎಣ್ಣೆ ಹಚ್ಚಿದಳು.

ಐದು ತಿಂಗಳು ಏನೂ ಆಗಲಿಲ್ಲ. ಜನವರಿಯಲ್ಲಿ ಶಿವುಗೆ ಜ್ವರ ಬಂತು, ಮೈಮೇಲೆ ಕೆಂಪು ಗುಳ್ಳೆ ಎದ್ದವು. ಕೂಸು ಏಕೆ ಅಳುತ್ತಿದೆ ಎಂದು ಯಾರೋ ಕೊಳವೆಯಲ್ಲೇ ಕೂಗಿ ಕೇಳಿದಾಗ ಅಕ್ಕ ಬೆವರುಗುಳ್ಳೆ ಎಂದಳು. ನಾನು ಪಕ್ಕದಲ್ಲೇ ಕುಳಿತಿದ್ದೆ. ಅದು ಬೆವರುಗುಳ್ಳೆಯಲ್ಲ ಎಂದು ನನಗೆ ಗೊತ್ತಿತ್ತು, ಅದನ್ನು ಗುರುತಿಸುವುದನ್ನು ನನಗೆ ಕಲಿಸಿದ್ದರು. ಆಗಲಾದರೂ ಎದ್ದು ಗಾಳಿಕದ ಮುಚ್ಚಬಹುದಿತ್ತು. ಮುಚ್ಚಿದರೆ ಏಕೆಂದು ಕೇಳುತ್ತಿದ್ದರು. ಶಿವು ಎಂಟು ದಿನಕ್ಕೆ ಚೇತರಿಸಿಕೊಂಡು ಗೋಡೆ ಹಿಡಿದು ನಿಂತ. ದೇವರು ದೊಡ್ಡವನು ಎಂದುಕೊಂಡೆ.

ಆಮೇಲೆ ಏಳನೇ ಮನೆಯ ಮಾಬುಬಿ ಅಕ್ಕನ ಮಗಳಿಗೆ ಜ್ವರ ಬಂತು. ಶಮಾ ಎಂದು ಹೆಸರು, ಏಳು ತಿಂಗಳ ಕೂಸು, ಲಸಿಕೆಗೆ ಇನ್ನೂ ಎರಡು ತಿಂಗಳಿತ್ತು. ಇಂಥ ಮಕ್ಕಳ ಸಲುವಾಗಿಯೇ ಗಾಳಿಕದ ಇರುವುದು. ಗುಳ್ಳೆ ಎದ್ದವು, ಆಮೇಲೆ ಕಫ ಎದೆಗೆ ಇಳಿಯಿತು. ಅದರ ಉಸಿರಿನ ಸದ್ದು ಕೊಳವೆಯಲ್ಲಿ ನಮಗೆಲ್ಲ ಕೇಳುತ್ತಿತ್ತು. ಆರನೆಯ ದಿನ ಮಧ್ಯಾಹ್ನ, ನಾವು ಉಣ್ಣುತ್ತಿದ್ದಾಗ, ನಿಂತಿತು. ಅಕ್ಕ ತುತ್ತನ್ನು ತಾಟಿಗೆ ಇಳಿಸಿದಳು.

ಪಟ್ಟಣದಿಂದ ಬಂದ ಡಾಕ್ಟರು ಓಣಿಯ ಮಕ್ಕಳನ್ನೆಲ್ಲ ನೋಡಿದರು. ಮೈಮೇಲೆ ಉಳಿದ ಕಲೆ ನೋಡಿ ಶಿವುಗೂ ದಡಾರವೇ ಆಗಿದೆ ಎಂದರು. ಹಲಗೆ ನೋಡಿ, ಅವನ ಹೆಸರು ಇದ್ದುದರಿಂದ, "ಕೆಲವರಿಗೆ ಮದ್ದು ಹಿಡಿಯೂದಿಲ್ಲ, ಏನ್ ಮಾಡೂದು" ಎಂದರು. ಶಮಾಳನ್ನು ಇತ್ತೀಚೆಗೆ ಹೊರಗೆ ಒಯ್ದಿದ್ದಿರಾ ಎಂದು ಮಾಬುಬಿ ಅಕ್ಕನನ್ನು ಕೇಳಿದರು. ತಿಂಗಳ ಹಿಂದೆ ಮುಂಡರಗಿ ಸಂತೆಗೆ ಒಯ್ದಿದ್ದೆ ಎಂದಳು ಅವಳು. ಡಾಕ್ಟರು ಚೀಲ ಕಟ್ಟಿಕೊಂಡು ಹೊರಟರು. ಆದರೆ ರೋಗ ತಂದವಳು ತಾನೇ ಎಂಬ ಮಾತು ಅವಳ ಮುಖದಲ್ಲಿ ಕೂತದ್ದನ್ನು ನಾನು ನೋಡಿದೆ.

ಶಿವುಗೆ ರೋಗ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಶಮಾಳಿಗೆ ನಿಜವಾಗಿಯೂ ಸಂತೆಯಿಂದಲೇ ಬಂದಿರಬಹುದು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ದಿನಗಳು ಹೊಂದುವುದಿಲ್ಲ. ದಡಾರ ತಾಗಿದ ಹತ್ತು ಹನ್ನೆರಡು ದಿನಕ್ಕೆ ಜ್ವರ ಬರುತ್ತದೆ. ಕೂಸಿಗೆ ಜ್ವರ ಬಂದದ್ದು ಸಂತೆಗೆ ಹೋದ ನಾಲ್ಕು ವಾರಕ್ಕೆ, ಶಿವುವಿನ ಗುಳ್ಳೆ ಎದ್ದ ಹನ್ನೊಂದನೆಯ ದಿನಕ್ಕೆ. ಇದು ಡಾಕ್ಟರಿಗೆ ತಿಳಿಯಲಿಲ್ಲ, ಏಕೆಂದರೆ ಶಿವು ಮಲಗಿದ್ದ ದಿನಗಳನ್ನು ಯಾರೂ ಅವರಿಗೆ ಸರಿಯಾಗಿ ಹೇಳಲಿಲ್ಲ.

ಮೂರು ದಿನದ ನಂತರ ಮಾಬುಬಿ ಅಕ್ಕ ನಮ್ಮ ಮನೆಗೆ ಬಂದಳು. ಒಳಗೆ ಕಾಲಿಡದೆ ಹೊಸ್ತಿಲ ಹೊರಗೇ ನಿಂತಳು. ಶಿವುವಿನ ಮೊದಲಿನ ಗುಳ್ಳೆಯನ್ನು ಬೆವರುಗುಳ್ಳೆ ಎಂದೇ ನಂಬಿದ್ದ ಅವಳು, ದಡಾರ ಅವನಿಗೆ ಆಮೇಲೆ ತನ್ನ ಕೂಸಿನಿಂದಲೇ ಬಂತೆಂದು ತಿಳಿದು ನನ್ನ ಅಕ್ಕನ ಕ್ಷಮೆ ಕೇಳಿದಳು. ಆಮೇಲೆ ನನ್ನ ಕಡೆ ನೋಡಿ ಹೇಳಿದಳು:

"ನೀ ಓಣಿ ಗಾಳಿನ ಅಷ್ಟು ಚೊಕ್ಕ ಇಟ್ಟಿದ್ದಿ ತಂಗಿ. ನಾನೇ ಹೊರಗಿನ ರೋಗ ತಂದು ಹಾಕಿದೆ."

ನಾನು ಹೊಸ್ತಿಲ ತನಕ ಬಂದು ತಲೆ ತಗ್ಗಿಸಿ ನಿಂತೆ. ನಾಚಿಕೆಯ ಹುಡುಗಿ ಎಂದು ಅವಳು ನನ್ನ ತಲೆ ಸವರಿ ಹೋದಳು.

ಆ ದಿನದಿಂದ ಅಕ್ಕ ನಮ್ಮ ಗಾಳಿಕದಕ್ಕೆ ಹಳೆಯ ಕೌದಿ ತುರುಕಿಟ್ಟಿದ್ದಾಳೆ. ಮಧ್ಯಾಹ್ನದ ಬಿಸಿಯಲ್ಲಿ ಒದ್ದೆ ಸೀರೆ ಹೊದ್ದು ಕೂಡುತ್ತಾಳೆ, ಮಕ್ಕಳನ್ನು ಮಾತ್ರ ಈರಪ್ಪಜ್ಜನ ಮನೆಯಲ್ಲಿ ಮಲಗಿಸುತ್ತಾಳೆ. ಮೊನ್ನೆ ನಾನು, ಹೇಳಿಬಿಡೋಣ ಎಂದೆ.

"ಹೇಳಿದ್ರ ಆ ಕೂಸು ತಿರುಗಿ ಬರ್ತೈತೇನು?" ಎಂದಳು. "ನನ್ನ ಮಕ್ಕಳ ಜೋಡಿ ಯಾರು ಆಡ್ತಾರ? ನಿನ್ನ ಯಾರು ಕಟ್ಟಿಕೊಳ್ತಾರ?"

ಆಮೇಲೆ ನೆಲ ನೋಡುತ್ತ, "ಲಸಿಕಿ ಹಾಕಿಸಿದ ರಾತ್ರಿ ಯಾರರ ನನ್ನ ಜೋಡಿ ಕುಂದರತೀನಿ ಅಂದಿದ್ರ ಹಾಕಿಸ್ತಿದ್ನೋ ಏನೋ" ಎಂದಳು.

ಅದೊಂದೇ ಅವಳಿಗೆ ಬೇಕಿದ್ದದ್ದು. ಎರಡನೆಯ ಸಂಜೆ ಕೇಳಿದ್ದರೆ ಹೇಳುತ್ತಿದ್ದಳೇನೋ, ಮೂರನೆಯ ಸಂಜೆಯಂತೂ ಹೇಳುತ್ತಿದ್ದಳು. ಮೂರು ಸಲ ಕೇಳುವ ಕಟ್ಟಳೆ ಜನರನ್ನು ದಣಿಸಿ ಒಪ್ಪಿಸುವುದಕ್ಕೆ ಎಂದು ನಾನು ತಿಳಿದಿದ್ದೆ. ಅದು ಕೇಳಿಸಿಕೊಳ್ಳುವುದಕ್ಕೆ ಇತ್ತು. ಒಂದೇ ಮನೆಯಲ್ಲಿ ಮಲಗುವವಳು ನಾನು, ನಾನೇ ಕೂಡಬಹುದಿತ್ತು.

ಮಾಬುಬಿ ಅಕ್ಕ ಇವತ್ತು ಸಂಜೆ ಓಣಿ ಬಿಟ್ಟು ಮೇಲ್ಮನೆಗೆ ಹೋಗುತ್ತಾಳೆ. ಮೇಲ್ಮನೆ ಎಂದರೆ ನೆಲದ ಮೇಲಿನ ಹಳೆಯ ಕಲ್ಲಿನ ಮನೆ, ನಿಮ್ಮ ಕಾಲದ್ದೇ ಇರಬಹುದು. ಅಲ್ಲಿ ತಂಪು ಗಾಳಿ ಇಲ್ಲ, ಹೋದ ಬೇಸಿಗೆಯಲ್ಲಿ ಇಬ್ಬರು ಬಿಸಿಲಿಗೆ ಬಿದ್ದು ಏಳಲಿಲ್ಲ. ಅವಳ ಗಂಡ ರಾಜೇಸಾಬ ಬೇಡವೆಂದು ಎಷ್ಟು ಹೇಳಿದರೂ ಕೇಳಿಲ್ಲ. ತನ್ನ ಉಸಿರು ಇನ್ನು ಯಾರಿಗೂ ತಾಗಬಾರದಂತೆ. ಐದು ವರ್ಷದ ಮಗ ಅವಳನ್ನು ಬಿಟ್ಟಿರುವುದಿಲ್ಲ, ಅವನೂ ಹೋಗುತ್ತಾನೆ. ಬೇಸಿಗೆ ಈಗ ಶುರುವಾಗಿದೆ. ನಾನು ಸುಮ್ಮನಿದ್ದರೆ ಒಂದು ಕೂಸಿನ ಜೊತೆಗೆ ಇನ್ನೊಂದು ಮಗುವೂ ನನ್ನ ತಲೆಗೆ ಬರುತ್ತದೆ.

ನಿಮ್ಮ ಕಾಲದಲ್ಲಿ ಕೊಳವೆ ಇರಲಿಲ್ಲ, ಬಯಲಿನಲ್ಲಿ ಬೇರೆ ಬೇರೆ ಮನೆ ಕಟ್ಟಿಕೊಂಡಿದ್ದಿರಿ ಎಂದು ಓದಿದ್ದೇನೆ. ಹಾಗಿದ್ದರೆ ಉಸಿರೂ ಬೇರೆ ಬೇರೆ ಎಂದು ನಿಮಗೆ ಅನ್ನಿಸಿರಬಹುದು. ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ ಕೂಸು ಹೊತ್ತು ಸಾಲಾಗಿ ನಿಂತಾಗ ನೀವೂ ಒಕ್ಕುಸಿರಿನವರೇ. ಕೊಳವೆ ಕಾಣುತ್ತಿರಲಿಲ್ಲ, ಅಷ್ಟೇ. ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಬೇಡ ಎನ್ನಬೇಕೆನಿಸಿದರೆ ಪಕ್ಕದ ಮನೆಯ ಬಾಣಂತಿಗೆ ಕೇಳುವಂತೆ ಹೇಳಿ, ಮುಚ್ಚಿಡಬೇಡಿ. ನಿಮ್ಮಲ್ಲಿ ನನ್ನಂತೆ ಮನೆಮನೆಗೆ ಹೋಗಿ ಕೇಳುವ ಕೆಲಸದವರಿದ್ದರೆ, ಬೇಡ ಎಂದ ತಾಯಿಯ ಹತ್ತಿರ ಕೂತು ಅವಳಿಗೆ ಏನು ಹೆದರಿಕೆ ಎಂದು ಕೇಳಿ. ಸ್ವಂತ ಅಕ್ಕನಾದರೆ ಇನ್ನೂ ಹತ್ತಿರ ಕೂಡಿ.

ಅಕ್ಕನಿಗೆ ಈಗಷ್ಟೇ ತಿಳಿಸಿದೆ, ನಾನು ಹೇಳುತ್ತೇನೆ ಎಂದು. ಅವಳು ಬೈಯಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ಅವಳ ಹೆಸರನ್ನು ಉಳಿಸಿ ಹೇಳಲು ದಾರಿ ಹುಡುಕಿದೆ, ಸಿಗಲಿಲ್ಲ. ಸಾಕಿದವಳ ಮನೆಯನ್ನು ನಾನೇ ಓಣಿಯ ಬಾಯಿಗೆ ಹಾಕುತ್ತಿದ್ದೇನೆ, ಇದೂ ನನ್ನ ತಪ್ಪಿಗೇ ಸೇರಲಿ.

ಬಿಸಿಲು ಇಳಿಯುತ್ತಿದೆ. ಮಾಬುಬಿ ಅಕ್ಕನ ಮನೆಯಲ್ಲಿ ಪಾತ್ರೆ ಗಂಟು ಕಟ್ಟುತ್ತಿದ್ದಾರೆ. ಈ ಪತ್ರವನ್ನು ಗುಡ್ಡದ ಮೇಲೆ ಹಾಕಿ ಬರುವಷ್ಟು ಹೊತ್ತಿಲ್ಲ, ಸೆರಗಿನಲ್ಲಿ ಇಟ್ಟುಕೊಂಡೇ ಹೋಗುತ್ತೇನೆ. ಜಾಸ್ತಿ ಮಾತು ನನ್ನಿಂದಾಗದು. "ಅಕ್ಕಾ, ನೀ ಹೋಗಬ್ಯಾಡ, ಕದಾ ತೆರೆದಿಟ್ಟಾಕಿ ನಾನು" ಎಂಬಷ್ಟನ್ನು ಬಾಯಿಪಾಠ ಮಾಡಿಕೊಂಡಿದ್ದೇನೆ. ಆಮೇಲೆ ಅವಳು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತೇನೆ. ಅವಳು ಏನೂ ಕೇಳದೆ ನನ್ನನ್ನೇ ನೋಡುತ್ತ ನಿಂತರೆ, ನಾನೂ ಅಲ್ಲಿಯೇ ನಿಂತಿರುತ್ತೇನೆ.

ನಿಮ್ಮವಳು,
ಹಾಲವ್ವ